ಕಿತ್ತಳೆ ಕೇಕ್ ಮಾಡುವಾಗ ರವೆ ಡಬ್ಬ ದೂರ ಇಡಿ

ನ್ಯೂಜೆರ್ಸಿಯ ಮಗನ ಮನೆಗೆ ಹೋದಾಗಲೆಲ್ಲ ಪಕ್ಕದ ಮನೆಯ ಗೆಳತಿಯೇ ನನಗೆ ಜೊತೆ. ಯೆಹೂದಿ ಹೆಂಗಸು, ಹೆಚ್ಚುಕಮ್ಮಿ ನನ್ನದೇ ವಯಸ್ಸು, ತಾಯಿಯ ಕಡೆಯವರು ಸಿರಿಯಾದ ಅಲೆಪ್ಪೊ ಊರಿನವರು. ನಮ್ಮ ಸ್ನೇಹ ಶುರುವಾದದ್ದೇ ಅಕ್ಕಿ ಆರಿಸುತ್ತಾ. ಪಸ್ಕ ಹಬ್ಬಕ್ಕೆ ಮುಂಚೆ ಅವರ ಮನೆಯಲ್ಲಿ ಅಕ್ಕಿಯನ್ನು ಒಂದಲ್ಲ, ಮೂರು ಸಲ ಆರಿಸುತ್ತಾರೆ. ಅದರಲ್ಲಿ ಒಂದೇ ಒಂದು ಗೋಧಿ ಕಾಳು ಉಳಿದಿರಬಾರದು. ಯುರೋಪಿನ ಕಡೆಯ ಯೆಹೂದಿಗಳಲ್ಲಿ ಸಂಪ್ರದಾಯದವರು ಆ ಹಬ್ಬದಲ್ಲಿ ಅನ್ನವನ್ನೇ ಮುಟ್ಟುವುದಿಲ್ಲ, ಇವರು ತಿನ್ನುತ್ತಾರೆ. ಬಿಳಿ ಬಟ್ಟೆ ಹಾಸಿಕೊಂಡು ಒಬ್ಬಳೇ ಕೂತಿದ್ದಳು, ಕನ್ನಡಕ ಏರಿಸಿಕೊಂಡು ನಾನೂ ಕೂತೆ. ಅಕ್ಕಿ ಆರಿಸೋದನ್ನ ನಮಗೆ ಯಾರಾದರೂ ಹೇಳಿಕೊಡಬೇಕಾ?

ಆವತ್ತೇ ಅವಳು ಈ ಕಿತ್ತಳೆ ಬಾದಾಮಿ ಕೇಕಿನ ಅಳತೆ ಬರೆದುಕೊಟ್ಟಳು. ಎರಡು ಕಿತ್ತಳೆ, ಎರಡೂ ಸೇರಿ ಮುನ್ನೂರೈವತ್ತು ನಾನೂರು ಗ್ರಾಂ ತೂಗಬೇಕು. ಬಾದಾಮಿ ಪುಡಿ 250 ಗ್ರಾಂ, ಸಕ್ಕರೆ 250 ಗ್ರಾಂ, ಮೊಟ್ಟೆ ಆರು. ಅಷ್ಟೇ. ಮೈದಾ ಇಲ್ಲ, ಬೆಣ್ಣೆ ಇಲ್ಲ. ಸಕ್ಕರೆ ನನಗೆ ಜಾಸ್ತಿ ಅನ್ನಿಸಿತು, ಈಗ 200 ಗ್ರಾಂ ಹಾಕುತ್ತೇನೆ, ಏನೂ ಕೆಡುವುದಿಲ್ಲ.

ಮೊದಲ ಸಲ ಮಗನ ಮನೆಯಲ್ಲೇ ಮಾಡಿದೆ. ಕಲಸಿದ್ದು ನೀರುನೀರಾಗಿ ಕಂಡಿತು. ನನ್ನ ಕೈ ಸುಮ್ನಿರಬೇಕಲ್ಲ, ಎರಡು ಚಮಚ ಚಿರೋಟಿ ರವೆ ಉದುರಿಸಿಬಿಟ್ಟೆ. ಕೇಕ್ ಚೆನ್ನಾಗೇ ಬಂತು. ಹಬ್ಬ ನಡೆಯುತ್ತಿದ್ದಾಗಲೇ ತಟ್ಟೆ ಹಿಡಿದು ಅವಳ ಬಾಗಿಲಿಗೆ ಹೋಗಿ, ಜಂಬದಿಂದ ರವೆ ವಿಷಯವನ್ನೂ ಹೇಳಿದೆ. ಅವಳು ನಕ್ಕಳು, ಆದರೆ ತಟ್ಟೆ ಹೊಸಿಲು ದಾಟಲು ಬಿಡಲಿಲ್ಲ. ರವೆ ಅಂದರೆ ಗೋಧಿ ತಾನೇ! ಅವರ ಹಿರಿಯರು ಈಜಿಪ್ಟಿನ ಗುಲಾಮಗಿರಿಯಿಂದ ಅವಸರದಲ್ಲಿ ಹೊರಟಾಗ ಹಿಟ್ಟು ಹುದುಗುವಷ್ಟು ಹೊತ್ತೂ ಇರಲಿಲ್ಲ, ಆ ನೆನಪಿಗೆ ಹಬ್ಬದಲ್ಲಿ ಹುಳಿ ಬಂದದ್ದನ್ನು ತಿನ್ನುವುದಿಲ್ಲ. ಇಸ್ರೇಲಿನಲ್ಲಿ 7 ದಿನ, ಹೊರಗಿನ ದೇಶಗಳಲ್ಲಿ ಸಂಪ್ರದಾಯದವರಿಗೆ 8 ದಿನ. ಗೋಧಿ ಹಿಟ್ಟಿಗೆ ನೀರು ಬಿದ್ದು 18 ನಿಮಿಷದೊಳಗೆ ಬೇಯದಿದ್ದರೆ ಅದು ಹುಳಿ ಬಂದ ಲೆಕ್ಕ. ಮಟ್ಸಾ ಅನ್ನುವ ಅವರ ತೆಳ್ಳಗಿನ ರೊಟ್ಟಿಯನ್ನು ಅದಕ್ಕೇ ಅಷ್ಟು ಅವಸರದಲ್ಲಿ ಸುಡುವುದು.

ರವೆ ಹಾಕದಿದ್ದರೂ ನಮ್ಮ ಮನೆಯದು ಅವಳಿಗೆ ಆಗುತ್ತಿರಲಿಲ್ಲ. ದಿನಾ ಚಪಾತಿ, ಬ್ರೆಡ್ಡು ಓಡಾಡುವ ಅಡಿಗೆಮನೆ, ಅದೇ ಓವನ್ನು, ಅದೇ ಪಾತ್ರೆ. ಅವಳು ಹಬ್ಬಕ್ಕೆಂದೇ ಬೇರೆ ಪಾತ್ರೆ ಅಟ್ಟದಿಂದ ಇಳಿಸುತ್ತಾಳೆ. ನನ್ನ ಅಜ್ಜಿಯ ಮಡಿ ಪಾತ್ರೆ ನೆನಪಾಯಿತು, ಬೇಜಾರು ಅಲ್ಲಿಗೇ ಮುಗಿಯಿತು. ಆದ್ದರಿಂದ ನೀವು ಹಬ್ಬ ಮಾಡುವವರಿಗೆ ಕೊಡುವ ಹಾಗಿದ್ದರೆ ಮೊದಲು ಕೇಳಿ, ಸಾಧ್ಯವಾದರೆ ಅವರ ಮನೆಯಲ್ಲೇ ಕೂತು ಮಾಡಿ. ನಾನು ಸರಿಯಾಗಿ ಕಲಿತದ್ದು ಮರುದಿನ ಅವಳ ಅಡಿಗೆಮನೆಯಲ್ಲೇ.

ಕಿತ್ತಳೆ ಸಿಪ್ಪೆಯ ಸಮೇತ ಬೇಯಬೇಕು, ಇಡೀ ಹಣ್ಣು. ಅಂಗಡಿಯ ಹಣ್ಣಿಗೆ ಮೇಣ ಸವರಿರುತ್ತಾರೆ, ಬೆಚ್ಚನೆ ನೀರಿನಲ್ಲಿ ಉಜ್ಜಿ ತೊಳೆಯಿರಿ. ಅವಳು ಒಂದೂವರೆ ಎರಡು ಗಂಟೆ ಸಣ್ಣ ಉರಿಯಲ್ಲಿ ಕುದಿಸುತ್ತಾಳೆ, ನಾನು ಕುಕ್ಕರಿನಲ್ಲಿಟ್ಟು ವಿಷಲ್ ಬಂದ ಮೇಲೆ ಉರಿ ಸಣ್ಣ ಮಾಡಿ ಇಪ್ಪತ್ತು ನಿಮಿಷ ಬಿಡುತ್ತೇನೆ. ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗಬೇಕು. ಬೇಯಿಸಿದ ನೀರು ಕಹಿ, ಚೆಲ್ಲಿಬಿಡಿ. ಆರಿದ ಮೇಲೆ ಬಿಡಿಸಿ ಬೀಜ ಒಂದೂ ಬಿಡದೆ ತೆಗೆಯಿರಿ, ನಮ್ಮ ಕೊಡಗಿನ ಕಿತ್ತಳೆಯಲ್ಲಿ ಮಾಡುವುದಾದರೆ ಇದು ಇನ್ನೂ ಮುಖ್ಯ, ಒಂದು ಬೀಜ ರುಬ್ಬಿಹೋದರೂ ಕಹಿ ಗೊತ್ತಾಗುತ್ತದೆ. ಆಮೇಲೆ ಸಿಪ್ಪೆ ತಿರುಳು ಎಲ್ಲಾ ಸೇರಿಸಿ, ನೀರು ಹಾಕದೆ, ನುಣ್ಣಗೆ ರುಬ್ಬಿ. ಬಿಸಿ ಇರುವಾಗ ಮೊಟ್ಟೆಗೆ ಸೇರಿಸಿದರೆ ಮೊಟ್ಟೆ ಪಲ್ಯ ತಿನ್ನಬೇಕಾಗುತ್ತದೆ.

ಬಾದಾಮಿಯನ್ನು ಬಿಸಿನೀರಿನಲ್ಲಿ ನೆನೆಸಿ ಸಿಪ್ಪೆ ತೆಗೆದಿದ್ದರೆ ಒಂದು ರಾತ್ರಿ ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಮಿಕ್ಸಿಯನ್ನು ಒಂದೇ ಸಮ ತಿರುಗಿಸಬೇಡಿ, ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಅಳೆದಿಟ್ಟ ಸಕ್ಕರೆಯಲ್ಲೇ ಎರಡು ಚಮಚ ಸೇರಿಸಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ.

ಮೊಟ್ಟೆಯನ್ನು ಅವಳು ಒಂದೊಂದಾಗಿ ಗಾಜಿನ ಲೋಟಕ್ಕೆ ಒಡೆದು ನೋಡುತ್ತಾಳೆ, ರಕ್ತದ ಚುಕ್ಕೆ ಇದ್ದರೆ ಅವರಿಗೆ ಆಗದು. ನಿಮಗೆ ಆ ನಿಯಮ ಇಲ್ಲದಿದ್ದರೂ ಹಾಗೇ ಮಾಡಿ, ಕೆಟ್ಟ ಮೊಟ್ಟೆ ಒಂದಿದ್ದರೆ ಉಳಿದ ಐದಾದರೂ ಉಳಿಯುತ್ತವೆ. ಹಳದಿಯನ್ನು ಸಕ್ಕರೆ ಜೊತೆ ಬಿಳಿಚುವ ತನಕ ಕಡೆದು, ಕಿತ್ತಳೆ, ಬಾದಾಮಿ ಸೇರಿಸಿ. ಬಿಳಿಯನ್ನು ಜಿಡ್ಡಿನ ಪಸೆಯೂ ಇಲ್ಲದ ಬೇರೆ ಪಾತ್ರೆಯಲ್ಲಿ ನೊರೆ ನಿಲ್ಲುವ ತನಕ ಕಡೆಯಿರಿ, ಮೂರು ಸಲವಾಗಿ, ಗಾಳಿ ಹೋಗದಂತೆ ಮೆಲ್ಲಗೆ ಕೂಡಿಸಿ. ಕೇಕ್ ಉಬ್ಬುವುದು ಈ ಗಾಳಿಯಿಂದಲೇ. ಸಾಮಾನ್ಯ ಬೇಕಿಂಗ್ ಪೌಡರಿನಲ್ಲಿ ಮೆಕ್ಕೆಜೋಳದ ಪಿಷ್ಟ ಇರುತ್ತದೆ, ಹಬ್ಬದಲ್ಲಿ ಅನ್ನ ಮುಟ್ಟದವರಿಗೆ ಅದೂ ಆಗದು, ಹಬ್ಬಕ್ಕೆಂದೇ ಆಲೂಗಡ್ಡೆ ಪಿಷ್ಟದ್ದು ಸಿಗುತ್ತದೆ, ಅವಳು ಎರಡನ್ನೂ ಹಾಕುವುದಿಲ್ಲ. ಮೇಲೆ ಉದುರಿಸುವ ಐಸಿಂಗ್ ಸಕ್ಕರೆಯಲ್ಲೂ ಆ ಪಿಷ್ಟ ಇರುವುದೇ ಹೆಚ್ಚು, ಡಬ್ಬದ ಮೇಲೆ ಓದಿ.

ತಟ್ಟೆಗೆ ಸವರಲು ನಾನು ತುಪ್ಪ ಕೇಳಿದೆ, ಅದಕ್ಕೂ ಬೇಡ ಅಂದಳು. ಊಟಕ್ಕೆ ಮಾಂಸ ಇದ್ದರೆ ಆಮೇಲಿನ ಸಿಹಿಗೂ ಹಾಲಿನದ್ದೇನೂ ತಾಗಬಾರದು. ಎಣ್ಣೆ ಸವರಿ, ಕಾಗದ ಹಾಸಿ, ಮೈದಾ ಬದಲು ಬಾದಾಮಿ ಪುಡಿಯನ್ನೇ ಉದುರಿಸಿ. ಒಂಬತ್ತು ಇಂಚಿನ ತಟ್ಟೆ, 180 ಡಿಗ್ರಿ, ಸುಮಾರು ಒಂದು ಗಂಟೆ. ಮೊದಲ ನಲವತ್ತು ನಿಮಿಷ ಬಾಗಿಲು ತೆರೆದು ಇಣುಕಬೇಡಿ. ಆಮೇಲೆ ಮೇಲ್ಭಾಗ ಕೆಂಪಾಗಿದ್ದರೆ ಫಾಯಿಲ್ ಮುಚ್ಚಿ. ಕಡ್ಡಿ ಚುಚ್ಚಿದರೆ ಬೇರೆ ಕೇಕಿನ ಹಾಗೆ ಪೂರಾ ಒಣಗಿ ಬರುವುದಿಲ್ಲ, ಪಸೆ ಇರುತ್ತದೆ, ಹಸಿ ಹಿಟ್ಟು ಮಾತ್ರ ಅಂಟಬಾರದು.

ಹೊರಗೆ ತೆಗೆದಾಗ ನಡುವೆ ಸ್ವಲ್ಪ ಕುಸಿಯುತ್ತದೆ, ಹೆದರಬೇಡಿ. ತಟ್ಟೆಯಲ್ಲೇ ಪೂರ್ತಿ ಆರಲಿ, ಬಿಸಿಯಲ್ಲಿ ಮಗುಚಿದರೆ ಒಡೆಯುತ್ತದೆ. ಆವತ್ತೇ ಕತ್ತರಿಸಿದರೆ ಕಿತ್ತಳೆಯ ಒಗರು ಎದ್ದು ಕಾಣುತ್ತದೆ, ಮರುದಿನಕ್ಕೆ ಅದು ಇಳಿದು ಬಾದಾಮಿಯ ರುಚಿ ಮೇಲೆ ಬರುತ್ತದೆ. ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ.