ಏರ್ ಫ್ರೈಯರ್‌ನಲ್ಲಿ ಗರಿಗರಿ ಎಸಳು ಬಟಾಟೆ

ಬೆಳಗಾವಿ ಸುತ್ತಲಿನ ಮುಂಗಾರು ಬಟಾಟೆ ಮಾರುಕಟ್ಟೆಗೆ ಬರುವ ಹೊತ್ತಿಗೆ ಮನೆಮನೆಯಲ್ಲೂ ಪಲ್ಯ, ಭಜಿ, ವಡೆ ಶುರುವಾಗುತ್ತವೆ. ಇಲ್ಲಿ ಹೇಳುತ್ತಿರುವುದು ಇವ್ಯಾವುದೂ ಅಲ್ಲ. ಇಡೀ ಬಟಾಟೆಯನ್ನು ಬುಡ ಕಡಿಯದಂತೆ ಬಿಲ್ಲೆ ಬಿಲ್ಲೆಯಾಗಿ ಸೀಳಿ, ಎಸಳು ಬಿಚ್ಚುವವರೆಗೆ ಬಿಸಿ ಗಾಳಿಯಲ್ಲಿ ಬೇಯಿಸುವ ತಿನಿಸು. ಮೂಲ ಸ್ವೀಡನ್ನಿನದು, ಸ್ಟಾಕ್‌ಹೋಮ್‌ನ ಹಾಸೆಲ್‌ಬಾಕೆನ್ ಎಂಬ ರೆಸ್ಟೊರೆಂಟಿನಿಂದ ಇದಕ್ಕೆ ‘ಹ್ಯಾಸೆಲ್‌ಬ್ಯಾಕ್’ ಎಂಬ ಹೆಸರು. ಓವನ್ನಿನಲ್ಲಿ ಹೆಚ್ಚುಕಡಿಮೆ ತಾಸು ಹಿಡಿಯುವ ಕೆಲಸ ಏರ್ ಫ್ರೈಯರ್‌ನಲ್ಲಿ ಅರ್ಧ ತಾಸಿಗೆ ಮುಗಿಯುತ್ತದೆ, ಎಣ್ಣೆ ಎರಡು ಚಮಚ ಸಾಕು. ಆದರೆ ಗರಿಗರಿ ಆಗುವುದು ಬಿಡುವುದು ಯಂತ್ರದ ಕೈಯಲ್ಲಿಲ್ಲ. ಸೀಳುವುದರಲ್ಲಿದೆ, ನೀರು ಒರೆಸುವುದರಲ್ಲಿದೆ.

120 ಗ್ರಾಂ ಆಸುಪಾಸಿನ, ಉದ್ದನೆಯ ನಾಲ್ಕು ಬಟಾಟೆ ಆರಿಸಿ. ನಾಲ್ಕೂ ಒಂದೇ ಗಾತ್ರದವಿರಲಿ. ಹೊಸದಾಗಿ ಕಿತ್ತದ್ದರಲ್ಲಿ ನೀರು ಹೆಚ್ಚು. ಇದಕ್ಕೆ ಎರಡು-ಮೂರು ವಾರ ಕತ್ತಲ ಮೂಲೆಯ ಬುಟ್ಟಿಯಲ್ಲಿದ್ದದ್ದೇ ವಾಸಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ತಂಪಿಗೆ ಪಿಷ್ಟ ಸಕ್ಕರೆಯಾಗುತ್ತದೆ, ಅಂಥದ್ದು ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಹಸಿರು ತಿರುಗಿದ್ದನ್ನು ಬಿಟ್ಟುಬಿಡಿ. ಸಿಪ್ಪೆ ಇರಲಿ, ಮಣ್ಣು ಹೋಗುವಂತೆ ತಿಕ್ಕಿ ತೊಳೆದರಾಯಿತು.

ಈಗ ಸೀಳುವ ಕೆಲಸ. ತಳದಿಂದ ತೆಳ್ಳನೆಯ ಒಂದು ಚೂರು ತೆಗೆದರೆ ಬಟಾಟೆ ಅಲುಗಾಡದೆ ಕೂರುತ್ತದೆ. ಎರಡೂ ಮಗ್ಗುಲಿಗೆ ಒಂದೊಂದು ಕಟ್ಟಿಗೆ ಸೌಟು ಇಡಿ. ಚಾಕು ಸೌಟಿನ ಹಿಡಿಗೆ ತಾಗಿ ನಿಲ್ಲುತ್ತದೆ, ಬುಡದಲ್ಲಿ ಸುಮಾರು ಅರ್ಧ ಸೆಂ.ಮೀ. ಉಳಿಯುತ್ತದೆ. ಈಳಿಗೆಯಲ್ಲಿ ಎಷ್ಟೇ ಕೈ ಪಳಗಿದ್ದರೂ ಇಲ್ಲಿ ಅದು ಬೇಡ, ಎಲ್ಲಿ ನಿಲ್ಲಿಸಬೇಕೆಂದು ಕಾಣುವುದಿಲ್ಲ. ಸೀಳಿನಿಂದ ಸೀಳಿಗೆ 3 ಮಿ.ಮೀ. ಇರಲಿ. ದಪ್ಪವಾದರೆ ಎಸಳು ಬಿಚ್ಚುವುದಿಲ್ಲ. ತೀರ ತೆಳುವಾದರೆ ತುದಿ ಸೀಯುತ್ತದೆ. ಒಂದೆರಡು ಬಿಲ್ಲೆ ಕಳಚಿ ಬಂದರೆ ಬರಲಿ, ಪಕ್ಕದಲ್ಲೇ ಇಟ್ಟು ಬೇಯಿಸಿ. ಅದು ಅಡುಗೆ ಮಾಡಿದವರ ಪಾಲು.

ಸೀಳಿದ್ದನ್ನು 15 ನಿಮಿಷ ತಣ್ಣೀರಿನಲ್ಲಿ ಮುಳುಗಿಸಿಡಿ. ನೀರು ಬೆಳ್ಳಗಾಗುತ್ತದೆ. ಅದು ಸೀಳಿನ ಮೈಮೇಲಿದ್ದ ಪಿಷ್ಟ, ಹಾಗೇ ಬಿಟ್ಟಿದ್ದರೆ ಎಸಳಿಗೆ ಎಸಳು ಅಂಟಿಕೊಳ್ಳುತ್ತಿತ್ತು. ತೆಗೆದು, ಸೀಳು ಕೆಳಗೆ ಮಾಡಿ ನೀರು ಬಸಿದು, ಒಣ ಅರಿವೆಯಿಂದ ಒತ್ತಿ ಒರೆಸಿ. ಬೆಳಗಾವಿಯ ಮಳೆಗಾಲದಲ್ಲಿ ಗಾಳಿಗೆ ಆರೀತೆಂದು ಕಾಯುವುದು ದಂಡ. ಹಸಿ ಉಳಿದರೆ ಶಾಖವೆಲ್ಲ ಆ ನೀರನ್ನು ಆವಿಯಾಗಿಸಲಿಕ್ಕೇ ಖರ್ಚಾಗಿ, ಬಟಾಟೆ ಬರೀ ಮೆತ್ತಗಾಗುತ್ತದೆ.

ಏರ್ ಫ್ರೈಯರ್ ಸಾಮಾನ್ಯವಾಗಿ 1,400–1,500 ವಾಟ್ ಎಳೆಯುತ್ತದೆ. ಮಿಕ್ಸರಿನ ಸಣ್ಣ ಸಾಕೆಟ್ಟಿಗಲ್ಲ, 16 ಆಂಪಿಯರ್‌ನ ದೊಡ್ಡದಕ್ಕೆ ಹಾಕಿ. 180 ಡಿಗ್ರಿಗೆ ಮೂರು ನಿಮಿಷ ಖಾಲಿ ಕಾಯಿಸಿ. ಬಟಾಟೆಗೆ ಒಂದು ಚಮಚ ಶೇಂಗಾ ಎಣ್ಣೆ, ಉಪ್ಪು ಸವರಿ, ಒಂದಕ್ಕೊಂದು ತಾಗದಂತೆ ಇಟ್ಟು 15 ನಿಮಿಷ ಬಿಡಿ. ಹೊರಗೆಳೆದು ನೋಡಿದರೆ ಎಸಳು ತುಸು ಬಿಚ್ಚಿರುತ್ತವೆ. ಚಾಕುವಿನ ತುದಿಯಿಂದ ಇನ್ನಷ್ಟು ಅಗಲಿಸಿ, ಉಳಿದ ಎಣ್ಣೆಯನ್ನು ಒಳಕ್ಕಿಳಿಸಿ. ಇದನ್ನು ಬಿಟ್ಟರೆ ಮೇಲಿನ ಅಂಚಷ್ಟೇ ಗರಿಯಾಗುತ್ತದೆ. ಮತ್ತೆ 190 ಡಿಗ್ರಿಯಲ್ಲಿ 12ರಿಂದ 15 ನಿಮಿಷ. ಚಾಕು ಬುಡದವರೆಗೆ ಸಲೀಸಾಗಿ ಇಳಿದರೆ ಬೆಂದಂತೆ.

ಬಳ್ಳೊಳ್ಳಿ, ಖಾರದಪುಡಿ ಮೊದಲೇ ಹಚ್ಚಬೇಡಿ, ಆ ಶಾಖಕ್ಕೆ ಎರಡೂ ಕಹಿಯಾಗುತ್ತವೆ. ಜಜ್ಜಿದ ಬಳ್ಳೊಳ್ಳಿ, ಬ್ಯಾಡಗಿ ಖಾರ, ಜೀರಿಗೆಪುಡಿಯನ್ನು ಒಂದು ಚಮಚ ಕರಗಿದ ಬೆಣ್ಣೆಯಲ್ಲಿ ಕಲಸಿಟ್ಟುಕೊಂಡು, ಕೊನೆಯ ಮೂರು ನಿಮಿಷ ಇರುವಾಗ ಎಸಳ ನಡುವೆ ಹಾಕಿ. ತಟ್ಟೆಗೆ ಬಂದ ಮೇಲೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಉದುರಿಸಿ. ಸ್ವೀಡನ್ನಿನ ಅಡುಗೆಯಲ್ಲಿ ಇದರ ಮೇಲೆ ಬ್ರೆಡ್ ಪುಡಿ ಬೀಳುತ್ತದೆ. ನನ್ನ ಮಟ್ಟಿಗೆ ನಮ್ಮ ಹಿಂಡಿ ಅದಕ್ಕಿಂತ ಒಂದು ಕೈ ಮಿಗಿಲು. ಪಕ್ಕಕ್ಕೆ ಗಟ್ಟಿ ಮೊಸರಿರಲಿ.

ಬಡಿಸುವವರೆಗೆ ಮುಚ್ಚಿಡಬೇಡಿ, ಹಬೆಗೆ ಮೆತ್ತಗಾಗುತ್ತದೆ. ಉಳಿದದ್ದನ್ನು ಮರುದಿನ 180 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿದರೆ ಅಂಚು ಮತ್ತೆ ಗರಿಗರಿ.