ಹಾಡುವವರಿಲ್ಲದ ಊರಿನಲ್ಲಿ ಫ್ಲಮೆಂಕೊ ಗಿಟಾರ್

ದಕ್ಷಿಣ ಸ್ಪೇನಿನ ಹಾಡು-ಕುಣಿತದ ಕಲೆಯಾದ ಫ್ಲಮೆಂಕೊದ ಗಿಟಾರ್ ನುಡಿಸಿ ಜೀವನ ನಡೆಸುತ್ತೇನೆ ಎಂದಾಗ ಕೇಳಿದವರ ಕಣ್ಣ ಮುಂದೆ ಬಹುಮಟ್ಟಿಗೆ ವೇದಿಕೆಯ ಮೇಲೆ ಒಬ್ಬನೇ ಕುಳಿತು ಮಿಂಚಿನ ವೇಗದಲ್ಲಿ ತಂತಿ ಮೀಟುವ ಕಲಾವಿದನ ಚಿತ್ರ ಬರುತ್ತದೆ. ನನ್ನ ಇಪ್ಪತ್ತು ವರ್ಷಗಳ ದುಡಿಮೆಯಲ್ಲಿ ಅಂಥ ಕಛೇರಿಗಳು ಬೆರಳೆಣಿಕೆಯಷ್ಟೇ. ಉಳಿದದ್ದೆಲ್ಲ ಪಕ್ಕವಾದ್ಯದ ಕೆಲಸ. 2004ರಿಂದ ಐದು ವರ್ಷ ಸ್ಪೇನಿನ ಸೆವಿಲ್ ನಗರದ ನೃತ್ಯಶಾಲೆಗಳಲ್ಲಿ, ಆಮೇಲೆ ಜರ್ಮನಿಯ ಕಲೋನ್‌ನಲ್ಲಿ ಮತ್ತು ಅದರ ಸುತ್ತಲಿನ ಊರುಗಳಲ್ಲಿ, ಕುಣಿಯುವವರ ಪಾದ ನೋಡುತ್ತ, ಹಾಡುವವರ ಉಸಿರು ಕೇಳುತ್ತ ನುಡಿಸುತ್ತ ಬಂದಿದ್ದೇನೆ. ಈ ವಿದ್ಯೆಯಲ್ಲಿ ಹಾಡಿಗೇ ಮೊದಲ ಮಣೆ, ಕುಣಿತವೂ ಗಿಟಾರೂ ಅದರ ಬೆನ್ನಿಗೆ ಬಂದವು. ಆದರೆ ಸ್ಪೇನ್ ದಾಟಿದ ಕೂಡಲೇ ಮೊದಲು ಕಾಣೆಯಾಗುವವರು ಹಾಡುವವರೇ. ಕುಣಿತ ಕಲಿಯುವವರು ಎಲ್ಲ ಊರುಗಳಲ್ಲಿಯೂ ಸಿಗುತ್ತಾರೆ, ಗಿಟಾರ್ ಕಲಿಯುವವರೂ ಸಿಗುತ್ತಾರೆ. ದಕ್ಷಿಣ ಸ್ಪೇನಿನ ಆಂಡಲೂಸಿಯದ ಆಡುನುಡಿಯಲ್ಲಿ ಗಂಟಲು ತೆರೆದು ಹಾಡಬಲ್ಲವರು ಮಾತ್ರ ಸಿಗುವುದಿಲ್ಲ. ಆ ಕೊರತೆಯೊಳಗೇ ನುಡಿಸುತ್ತ, ಕಲಿಸುತ್ತ ನಾನು ಕಂಡುಕೊಂಡ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕುಂದಾಪುರದ ಕಡೆಯವನು. ಅಪ್ಪಯ್ಯ ಬಯಲಾಟದ ಮೇಳದಲ್ಲಿ ಮದ್ದಳೆ ನುಡಿಸುತ್ತಿದ್ದರು. ಚಿಕ್ಕಂದಿನಲ್ಲಿ ಅವರ ಪಕ್ಕದಲ್ಲಿ ಕುಳಿತು ಮದ್ದಳೆಗೆ ಕೈ ಹಾಕಿದಾಗಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ನಿನ್ನ ಕೈ ನೋಡಬೇಡ, ಭಾಗವತರ ಬಾಯಿ ನೋಡು." ಬೆಂಗಳೂರಿನಲ್ಲಿ ಓದುವಾಗ ಗಿಟಾರ್ ಹಿಡಿದೆ, ಕ್ಯಾಸೆಟ್ಟುಗಳಲ್ಲಿ ಸ್ಪೇನಿನ ಹೆಸರಾಂತ ಫ್ಲಮೆಂಕೊ ಗಿಟಾರ್ ವಾದಕ ಪಾಕೊ ದೆ ಲೂಸಿಯಾ ಅವರ ನುಡಿಸಾಣಿಕೆ ಕೇಳಿ ಮರುಳಾದೆ, ಮತ್ತು ಅಪ್ಪಯ್ಯನ ಮಾತನ್ನು ಪೂರ್ತಿ ಮರೆತು ಬೆರಳುಗಳ ವೇಗದ ಹಿಂದೆ ಬಿದ್ದೆ. ಆ ಮಹಾನುಭಾವರು 1969ರಿಂದ 1977ರವರೆಗೆ ಕಮರೋನ್ ದೆ ಲಾ ಇಸ್ಲಾ ಎಂಬ ಗಾಯಕರೊಂದಿಗೆ ಒಂಬತ್ತು ಧ್ವನಿಮುದ್ರಿಕೆಗಳಲ್ಲಿ ಪಕ್ಕವಾದ್ಯ ನುಡಿಸಿದ್ದರು ಎಂಬುದೂ, ಅವರ ಏಕವ್ಯಕ್ತಿ ಕಛೇರಿಯ ಕಸುವಿಗೆ ಹಾಗೆ ಹಾಡಿನ ಜೊತೆ ಕಳೆದ ವರ್ಷಗಳೇ ಗೊಬ್ಬರವಾಗಿದ್ದವು ಎಂಬುದೂ ನನಗೆ ಅರ್ಥವಾಗಲು ಸೆವಿಲ್‌ಗೆ ಹೋಗಬೇಕಾಯಿತು.

ಸೆವಿಲ್‌ನಲ್ಲಿ ಗ್ವಾದಾಲ್ಕಿವಿರ್ ನದಿಯ ಆಚೆ ದಡದಲ್ಲಿ ತ್ರಿಯಾನಾ ಎಂಬ ಹಳೆಯ ಬಡಾವಣೆ ಇದೆ. ಅಲ್ಲಿನ ಒಬ್ಬ ಗುರುಗಳ ಬಳಿ ನಾನು ಪಾಠಕ್ಕೆ ಸೇರಿದೆ. ಮೊದಲ ತಿಂಗಳೇ ಅವರು ನನ್ನನ್ನು ಹಾಡಿನ ತರಗತಿಗೆ ನುಡಿಸಲು ಕೂರಿಸಿದರು. ಅಂದು ನುಡಿಸಬೇಕಿದ್ದದ್ದು ಸೊಲೆಯಾ ಎಂಬ ಹಾಡಿನ ಪ್ರಕಾರ. ಅದಕ್ಕೆ ಹನ್ನೆರಡು ಎಣಿಕೆಯ ಆವರ್ತ, 3, 6, 8, 10 ಮತ್ತು 12ರ ಮೇಲೆ ಒತ್ತು. ಹನ್ನೆರಡರಿಂದ ಹಿಡಿದು ಎಣಿಸಿದರೆ ಮೂರು, ಮೂರು, ಎರಡು, ಎರಡು, ಎರಡು ಎಂದು ಬಿಡಿಸಬಹುದು. ತಕಿಟ ತಕಿಟ ತಕ ತಕ ತಕ ಎಂದು ಬಾಯಲ್ಲಿ ಹೇಳಿಕೊಂಡೇ ಬೆಳೆದ ನನಗೆ ಲೆಕ್ಕ ಒಂದು ಗಂಟೆಯಲ್ಲಿ ಕೈಗೆ ಬಂದಿತ್ತು, ಆ ಹೆಮ್ಮೆಯೂ ಇತ್ತು. ಗಾಯಕಿ ಮೊದಲ ಸಾಲು ಹಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಆ ಜಾಗದಲ್ಲಿ ನಾನು ಕಲಿತಿದ್ದ ಚೆಂದದ ತುಣುಕೊಂದನ್ನು ತುಂಬಿದೆ. ಗುರುಗಳು ಏನೂ ಹೇಳದೆ ಎದ್ದು ಬಂದು ತಮ್ಮ ಅಂಗೈಯನ್ನು ನನ್ನ ತಂತಿಗಳ ಮೇಲೆ ಇಟ್ಟರು. ತಂತಿಯ ನಾದ ನಿಂತಿತು, ಗಾಯಕಿ ನಿಲ್ಲಿಸಲಿಲ್ಲ. ಮುಂದಿನ ಎರಡು ಸಾಲುಗಳನ್ನು ಅವರು ಹಾಡಿ ಮುಗಿಸುವವರೆಗೂ ಆ ಕೈ ಅಲ್ಲಿಯೇ ಇತ್ತು. ಹಾಡಿನ ಸಾಲು ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ, ಹತ್ತನೆಯ ಎಣಿಕೆಗೆ ಮುಕ್ತಾಯ ಕೊಟ್ಟ ಮೇಲೆ 11 ಮತ್ತು 12 ಯಾಕೆ ಹಗುರವಾಗಿರಬೇಕು ಎಂಬುದು ಗಿಟಾರ್ ಸುಮ್ಮನಿದ್ದಾಗ ನನಗೆ ಮೊದಲ ಬಾರಿ ಕೇಳಿಸಿತು.

ಆ ಐದು ವರ್ಷಗಳಲ್ಲಿ ನಾನು ಹೊಟ್ಟೆ ಹೊರೆದದ್ದು ನೃತ್ಯದ ತರಗತಿಗಳಿಗೆ ನುಡಿಸಿ. ವಾರಕ್ಕೆ ಇಪ್ಪತ್ತಕ್ಕೂ ಹೆಚ್ಚು ಗಂಟೆ ಕುರ್ಚಿ ಬಿಡದೆ ನುಡಿಸಿದರೆ ಬಾಡಿಗೆ ಮತ್ತು ಊಟಕ್ಕೆ ಸಾಕಾಗುತ್ತಿತ್ತು. ಹೊಸದಾಗಿ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ: ಖಾಸಗಿ ಪಾಠಕ್ಕೆ ಹಣ ಸುರಿಯುವುದಕ್ಕಿಂತ ನೃತ್ಯಶಾಲೆಯ ಮೂಲೆಯಲ್ಲಿ ಗಿಟಾರ್ ಹಿಡಿದು ಕುಳಿತರೆ ಹೆಚ್ಚು ಕಲಿಯಬಹುದು. ನರ್ತಕಿ ಪಾದಗಳಿಂದ ಕರೆ ಕೊಟ್ಟು ಹಾಡನ್ನು ಬರಮಾಡಿಕೊಳ್ಳುವ ರೀತಿ, ಹಾಡು ಮುಗಿದ ಮೇಲೆ ವೇಗ ಏರಿಸುವ ರೀತಿ, ಅಲೆಗ್ರಿಯಾಸ್ ಎಂಬ ಪ್ರಕಾರದಲ್ಲಿ ನಡುವೆ ಬರುವ ನಿಧಾನಗತಿಯ ಭಾಗದಿಂದ ಮತ್ತೆ ಪಾದದ ಕೆಲಸಕ್ಕೆ ಮರಳುವ ರೀತಿ, ಇವನ್ನು ಬೇರೆ ಎಲ್ಲಿಯೂ ಕಲಿಯಲಾಗುವುದಿಲ್ಲ.

ಕಲೋನ್‌ಗೆ ಬಂದದ್ದು ಸಂಸಾರದ ಕಾರಣಕ್ಕೆ. ವ್ಯವಹಾರದ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಸ್ವತಂತ್ರ ಕಲಾವಿದನಾಗಿ ವಾಸದ ಪರವಾನಗಿ ಪಡೆಯಲು ನನಗೆ ಕೆಲಸ ಕೊಡುವುದಾಗಿ ಮೂರು ನೃತ್ಯಶಾಲೆಗಳು ಬರೆದುಕೊಟ್ಟ ಪತ್ರಗಳು ಬೇಕಾದವು. ಜರ್ಮನಿಯಲ್ಲಿ 1983ರಿಂದ ಕಲಾವಿದರ ಸಾಮಾಜಿಕ ವಿಮಾ ನಿಧಿ ನಡೆಯುತ್ತಿದೆ. ಆರೋಗ್ಯ ಮತ್ತು ಪಿಂಚಣಿ ವಿಮೆಯ ಕಂತಿನಲ್ಲಿ ಅರ್ಧವನ್ನು ನಾವು ಕಟ್ಟಿದರೆ ಉಳಿದರ್ಧವನ್ನು ಸರ್ಕಾರವೂ ಕಲಾವಿದರಿಂದ ಕೆಲಸ ಪಡೆಯುವ ಸಂಸ್ಥೆಗಳೂ ಹಂಚಿಕೊಳ್ಳುತ್ತವೆ. ಕಲಿಸುವವರಿಗೂ ಇದು ಅನ್ವಯಿಸುತ್ತದೆ. ಈ ನಿಧಿ ಇಲ್ಲದಿದ್ದರೆ ಎರಡು ಮಕ್ಕಳ ತಂದೆಯಾಗಿ ನಾನು ಈ ವೃತ್ತಿಯಲ್ಲಿ ಉಳಿಯುತ್ತಿರಲಿಲ್ಲ. ಇನ್ನೊಂದು ಎಚ್ಚರ ವಾದ್ಯದ್ದು. ಸಾಂಪ್ರದಾಯಿಕ ಫ್ಲಮೆಂಕೊ ಗಿಟಾರಿನ ಬೆನ್ನು ಮತ್ತು ಪಕ್ಕಗಳು ಸೈಪ್ರೆಸ್ ಮರದ ತೆಳು ಹಲಗೆಗಳು. ಚಳಿಗಾಲದಲ್ಲಿ ಮನೆಯ ಹೀಟರುಗಳು ಗಾಳಿಯ ತೇವವನ್ನೆಲ್ಲ ಹೀರಿಬಿಡುತ್ತವೆ. ಮೊದಲ ಜನವರಿಯಲ್ಲೇ ನನ್ನ ಗಿಟಾರಿನ ಮುಂಭಾಗದಲ್ಲಿ, ತಂತಿಗಳನ್ನು ಕಟ್ಟುವ ಸೇತುವೆಯ (ಬ್ರಿಜ್) ಕೆಳಗೆ, ಕೂದಲೆಳೆಯಂಥ ಬಿರುಕು ಕಂಡಿತು. ಅಂದಿನಿಂದ ಪೆಟ್ಟಿಗೆಯೊಳಗೆ ತೇವದ ಮಾಪಕ ಇಟ್ಟು, ನೂರಕ್ಕೆ 45ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುತ್ತೇನೆ.

ಕೆಲಸ ಶುರುವಾದಾಗ ನಾನು ಕಂಡದ್ದು ಬಹಳ ಶ್ರದ್ಧೆಯ ವಿದ್ಯಾರ್ಥಿಗಳನ್ನು. ದಿನವಿಡೀ ಆಫೀಸಿನಲ್ಲಿ ದುಡಿದು ಸಂಜೆ ಮೊಳೆ ಹೊಡೆದ ಬೂಟು ಹಾಕಿಕೊಂಡು ಬರುವ ಹೆಂಗಸರು, ಪ್ರತಿ ಹೆಜ್ಜೆಯನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವವರು. ಅವರು ಹತ್ತು ವರ್ಷ ಕುಣಿದಿದ್ದರೂ ಎದುರಿಗೆ ಕುಳಿತ ಗಾಯಕರ ಹಾಡಿಗೆ ಕುಣಿದಿರಲಿಲ್ಲ. ಎಲ್ಲ ಕಲಿಕೆಯೂ ಧ್ವನಿಮುದ್ರಣಕ್ಕೆ ನಡೆದಿತ್ತು. ಧ್ವನಿಮುದ್ರಣದಲ್ಲಿ ಗಾಯಕ ಇಂದು ಎಳೆದಷ್ಟೇ ನಾಳೆಯೂ ಎಳೆಯುತ್ತಾನೆ, ಹಾಗಾಗಿ ಹಾಡಿನ ಸಾಲು ಎಷ್ಟು ಆವರ್ತ ತೆಗೆದುಕೊಳ್ಳುತ್ತದೆ ಎಂಬುದು ಅವರ ಮೈಗೆ ಅಂಟಿದ ಸಂಖ್ಯೆಯಾಗಿಬಿಟ್ಟಿತ್ತು. ನಾನು ಒಂದು ಆವರ್ತ ಹೆಚ್ಚು ನುಡಿಸಿದರೆ ಹನ್ನೆರಡು ಜನ ಒಟ್ಟಿಗೆ ನಿಂತುಬಿಡುತ್ತಿದ್ದರು. ತಪ್ಪು ಅವರದ್ದೆಂದು ನಾನು ಎಂದೂ ಭಾವಿಸಲಿಲ್ಲ. ಒಂದು ಶಾಲೆಯಲ್ಲಿ ಈ ಗೊಂದಲ ಬೇಡವೆಂದು ಒಂದು ವರ್ಷದ ನಂತರ ನನ್ನನ್ನು ಬಿಡಿಸಿ ಮತ್ತೆ ಸ್ಪೀಕರಿಗೆ ಮರಳಿದರು. ಅದು ನನಗೆ ನೋವು ತಂದಿತು, ಸಂಪಾದನೆಯೂ ಕುಸಿಯಿತು. ಆದರೆ ಗಾಯಕರಿಲ್ಲದ ಕಡೆ ಗಿಟಾರ್‌ಗಾರನೊಬ್ಬ ಜೀವಂತ ಕುಳಿತರೂ ಅವನೂ ಒಂದು ಸ್ಪೀಕರೇ ಎಂಬುದು ಆಗ ನನಗೆ ಮನದಟ್ಟಾಯಿತು.

ಹಾಡುವವರು ಸಿಕ್ಕಿದ್ದು ನಾನು ಹುಡುಕದ ಜಾಗದಲ್ಲಿ. 1960ರ ಮಾರ್ಚ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಸ್ಪೇನ್ ಕಾರ್ಮಿಕರ ನೇಮಕಾತಿಗೆ ಒಪ್ಪಂದ ಮಾಡಿಕೊಂಡ ಮೇಲೆ ಸ್ಪೇನಿನ ಹಳ್ಳಿಗಳಿಂದ ಲಕ್ಷಾಂತರ ಜನ ಇಲ್ಲಿನ ಕಾರ್ಖಾನೆಗಳಿಗೆ ಬಂದರು. ಅವರಲ್ಲಿ ಉಳಿದುಕೊಂಡವರು ಈಗ ವೃದ್ಧರು. ಅವರು ಸೇರುವ ಸ್ಪ್ಯಾನಿಷ್ ಸಂಘಗಳು ಇನ್ನೂ ಕೆಲವು ಊರುಗಳಲ್ಲಿ ನಡೆಯುತ್ತಿವೆ. 2011ರಲ್ಲಿ ಮಗಳ ಸಹಪಾಠಿಯ ಅಜ್ಜಿಯೊಬ್ಬರು ಅಂಥ ಸಂಘಕ್ಕೆ ನನ್ನನ್ನು ಕರೆದುಕೊಂಡು ಹೋದರು. ಒಂದು ಕಡೆ ಡೊಮಿನೊ ಆಟ, ಇನ್ನೊಂದು ಕಡೆ ಆಲೂಗಡ್ಡೆ ಆಮ್ಲೆಟ್ಟಿನ ತಟ್ಟೆಗಳು. ನನ್ನ ಗಿಟಾರ್ ಪೆಟ್ಟಿಗೆ ಕಂಡ ಮುದುಕರೊಬ್ಬರು ಆಟ ಬಿಟ್ಟು ಎದ್ದು ಬಂದು "ನಾಲ್ಕರಲ್ಲಿ ಹಾಕು" ಎಂದರು. ಗಿಟಾರಿನ ಕತ್ತಿಗೆ ಬಿಗಿಯುವ ಪಟ್ಟಿಯನ್ನು ನಾಲ್ಕನೆಯ ಮನೆಗೆ ಏರಿಸು ಎಂದು ಅರ್ಥ. ನಮ್ಮ ಕಡೆ ಭಾಗವತರು ಕಪ್ಪು ಎರಡು, ಬಿಳಿ ನಾಲ್ಕು ಎಂದು ತಮ್ಮ ಶ್ರುತಿ ಹೇಳಿದ ಹಾಗೆ. ಅವರು ಊಯೆಲ್ವಾ ಪ್ರಾಂತ್ಯದವರು, 1963ರಲ್ಲಿ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ರೈಲು ಹತ್ತಿ ಬಂದವರು. ಊಯೆಲ್ವಾ ಎಂದರೆ ಫಂದಾಂಗೊ ಹಾಡಿನ ತವರು.

ಅವರು ಹಾಡಿದ್ದು ತಾಳದ ಕಟ್ಟಿಲ್ಲದ ಫಂದಾಂಗೊ. ಅದರಲ್ಲಿ ಆರು ಸಾಲು. ಮೊದಲ ಸಾಲು ಸಿ ಕಾರ್ಡಿನಲ್ಲಿ (ಕಾರ್ಡ್ ಎಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು) ನಿಲ್ಲುತ್ತದೆ, ಎರಡನೆಯದು ಎಫ್‌ನಲ್ಲಿ, ಮೂರನೆಯದು ಮತ್ತೆ ಸಿ, ನಾಲ್ಕನೆಯದು ಜಿ, ಐದನೆಯದು ಸಿ, ಕೊನೆಯ ಸಾಲು ಎಫ್ ಮುಟ್ಟಿ ಇ ಕಾರ್ಡಿಗೆ ಇಳಿಯುತ್ತದೆ. ಈ ದಾರಿ ನನಗೆ ಬಾಯಿಪಾಠ. ಆದರೆ ಐದನೆಯ ಸಾಲನ್ನು ಅವರು ಹಿಡಿದು ನಿಲ್ಲಿಸಿದರು. ಉಸಿರು ಮುಗಿಯಿತು ಎಂದುಕೊಂಡು ನಾನು ಎಫ್‌ಗೆ ಹೋದೆ, ಅವರಿನ್ನೂ ಅಲ್ಲಿಯೇ ಇದ್ದರು. ಕಣ್ಣು ತೆರೆಯದೆ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಒಂದು ಸಲ ಕುಟ್ಟಿದರು. ನಾನು ಹಿಂದಕ್ಕೆ ಸಿ ಕಾರ್ಡಿಗೆ ಬಂದು ಕಾದೆ. ಅವರ ಕತ್ತಿನ ನರ ಸಡಿಲವಾದದ್ದನ್ನು ನೋಡಿ ಎಫ್‌ಗೆ ಹೋದೆ. ಆಗ ಸಾಲು ಮತ್ತು ಕಾರ್ಡು ಒಟ್ಟಿಗೆ ಇಳಿದವು. ಡೊಮಿನೊ ಮೇಜಿನಿಂದ ಯಾರೋ "ಓಲೇ" ಎಂದರು. ಅಪ್ಪಯ್ಯ ಬಾಯಿ ನೋಡು ಎಂದದ್ದು, ನಾನು ಅಂದು ಕತ್ತು ನೋಡಿದ್ದು, ಎರಡೂ ಒಂದೇ ಪಾಠ.

ಅಂದಿನಿಂದ ನಾನು ಪ್ರತಿ ಬುಧವಾರ ಸಂಘಕ್ಕೆ ಹೋಗಿ ಉಚಿತವಾಗಿ ನುಡಿಸಿದೆ. ಒಂದು ವರ್ಷವಾದ ಮೇಲೆ ನನ್ನ ವಿದ್ಯಾರ್ಥಿಗಳನ್ನು ಇಬ್ಬಿಬ್ಬರಾಗಿ ಜೊತೆಗೆ ಕರೆದುಕೊಂಡು ಹೋಗತೊಡಗಿದೆ. ಕಲಿಸುವ ಕ್ರಮವನ್ನೂ ಬದಲಿಸಿದೆ. ಈಗ ನನ್ನ ಗಿಟಾರ್ ವಿದ್ಯಾರ್ಥಿಗಳು ಮೊದಲ ಎರಡು ತಿಂಗಳು ಗಿಟಾರ್ ತರುವುದಿಲ್ಲ, ಚಪ್ಪಾಳೆ ಕಲಿಯುತ್ತಾರೆ. ಹಾಡಿನ ಹೊತ್ತಿಗೆ ಎರಡೂ ಅಂಗೈಗಳನ್ನು ಬಟ್ಟಲಿನಂತೆ ಮಾಡಿ ಕೂಡಿಸುವ ಮಂದ ಚಪ್ಪಾಳೆ, ಪಾದದ ಕೆಲಸದ ಹೊತ್ತಿಗೆ ಬಲಗೈಯ ಮೂರು ಬೆರಳುಗಳನ್ನು ಎಡ ಅಂಗೈಯ ಗುಳಿಗೆ ಹೊಡೆಯುವ ಚುರುಕು ಚಪ್ಪಾಳೆ. ಗಾಯಕರ ಧ್ವನಿಯನ್ನು ಮುಚ್ಚಬಾರದು ಎಂಬ ಮರ್ಯಾದೆ ಬೆರಳಿಗಿಂತ ಮೊದಲು ಅಂಗೈಗೆ ಬರಲಿ ಎಂಬುದು ನನ್ನ ಆಸೆ. ಆಮೇಲೆ ಪ್ರತಿಯೊಬ್ಬರೂ ಕನಿಷ್ಠ ನಾಲ್ಕು ಹಾಡುಗಳನ್ನು ಅರ್ಥಸಹಿತ ಕಲಿತು ಹೇಳಬೇಕು. ಕಂಠ ಚೆನ್ನಾಗಿರಬೇಕಿಲ್ಲ. ಯಾವ ಅಕ್ಷರದಲ್ಲಿ ಉಸಿರು ಬೇಕಾಗುತ್ತದೆ ಎಂಬುದು ಹೇಳಿದವನಿಗೆ ಮಾತ್ರ ತಿಳಿಯುತ್ತದೆ. ನೃತ್ಯದ ತರಗತಿಯಲ್ಲಿ ನಾನೇ ಹಾಡುತ್ತೇನೆ, ಬೇಕೆಂದೇ ಒಂದೊಂದು ಸಲ ಸಾಲನ್ನು ಎಳೆಯುತ್ತೇನೆ, ಒಂದೊಂದು ಸಲ ಬೇಗ ಮುಗಿಸುತ್ತೇನೆ. ಮೊದಮೊದಲು ಗೊಣಗಿದವರೇ ಈಗ ಅದನ್ನು ಕೇಳಿ ಮಾಡಿಸಿಕೊಳ್ಳುತ್ತಾರೆ.

ನನ್ನ ಮುಖ ನೋಡಿದ ಕೂಡಲೇ ಕೇಳುವ ಪ್ರಶ್ನೆಯೊಂದಿದೆ: ಫ್ಲಮೆಂಕೊ ಭಾರತದಿಂದ ಬಂದದ್ದಲ್ಲವೇ? ಈ ಪ್ರಶ್ನೆಗೆ ನಾನು ಎಚ್ಚರದಿಂದ ಉತ್ತರಿಸುತ್ತೇನೆ. ಈ ಕಲೆಯನ್ನು ಪೊರೆದವರಲ್ಲಿ ಹಿತಾನೊ ಜನಾಂಗ, ಅಂದರೆ ಸ್ಪೇನಿನ ರೋಮಾ (ಜಿಪ್ಸಿ) ಜನ, ಪ್ರಮುಖವಾದದ್ದು, ಅವರ ಪೂರ್ವಜರು ಬಹಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರು ಎಂಬುದನ್ನು ಅವರ ಭಾಷೆಯೇ ತೋರಿಸುತ್ತದೆ, 1425ರಷ್ಟು ಹಿಂದೆಯೇ ಅವರು ಸ್ಪೇನಿನ ನೆಲದಲ್ಲಿದ್ದ ದಾಖಲೆ ಇದೆ. ಆದರೆ ಹಾಡು ಹುಟ್ಟಿದ್ದು ಆಂಡಲೂಸಿಯದಲ್ಲಿ, 18 ಮತ್ತು 19ನೆಯ ಶತಮಾನಗಳ ಅಲ್ಲಿನ ಬದುಕಿನೊಳಗೆ. 1749ರಲ್ಲಿ ರಾಜಾಜ್ಞೆಯ ಮೇರೆಗೆ ಸಾವಿರಾರು ಹಿತಾನೊಗಳನ್ನು ಏಕಕಾಲಕ್ಕೆ ಸೆರೆಗೆ ಹಾಕಿದ ಆ ನೆಲದ ಇತಿಹಾಸವನ್ನು ಬಿಟ್ಟು, ಹಾಡಿನ ಸಂಕಟವನ್ನು ನಮ್ಮ ದೇಶದ ಆಸ್ತಿ ಎಂದು ಹೇಳಿಕೊಳ್ಳುವುದು ನನ್ನಿಂದಾಗದು. ಫ್ಲಮೆಂಕೊದ ಮುಖ್ಯ ಸ್ವರಶ್ರೇಣಿಯಲ್ಲಿ ಮೂರನೆಯ ಸ್ವರ ಏರಿದಾಗ ನಮ್ಮ ವಕುಳಾಭರಣ ರಾಗದ ಸ್ವರಗಳೇ ಕೇಳುತ್ತವೆ ಎಂಬುದು ನಿಜ. ಆ ಹೋಲಿಕೆ ನನಗೆ ಮನೆಯ ನೆನಪು ತರುತ್ತದೆ, ಆದರೆ ಸ್ವರಗಳು ಹೋಲಿದ ಮಾತ್ರಕ್ಕೆ ವಂಶಾವಳಿ ಸಾಬೀತಾಗುವುದಿಲ್ಲ. ಒಮ್ಮೆ ಆಯೋಜಕರೊಬ್ಬರು ನನ್ನ ಭಿತ್ತಿಪತ್ರದಲ್ಲಿ "ಮೂಲ ನೆಲದಿಂದ ಬಂದ ಗಿಟಾರ್" ಎಂದು ಅಚ್ಚು ಮಾಡಲು ಹೊರಟಾಗ ಬೇಡವೆಂದೆ. ಅವರು ಪಟ್ಟು ಬಿಡದಿದ್ದಾಗ ಆ ಕಾರ್ಯಕ್ರಮವನ್ನೇ ಬಿಟ್ಟೆ.

ಊಯೆಲ್ವಾದ ಆ ಹಿರಿಯರಿಗೆ ಈಗ ಎಂಬತ್ತು ದಾಟಿದೆ. ನಾಲ್ಕರಲ್ಲಿ ಹಾಡುತ್ತಿದ್ದವರು ಮೂರಕ್ಕೆ ಇಳಿದರು, ಕಳೆದ ಚಳಿಗಾಲದಿಂದ ಪಟ್ಟಿ ಒಂದರಲ್ಲಿದೆ. ಬುಧವಾರಗಳಂದು ಅವರ ಪಕ್ಕದಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಕುಳಿತು ಅವರ ಸಾಲುಗಳನ್ನು ಬರೆದುಕೊಳ್ಳುತ್ತಾಳೆ; ಅವಳು ತಪ್ಪು ಉಚ್ಚರಿಸಿದರೆ ಅವರು ಪೆನ್ಸಿಲ್ ಕಿತ್ತುಕೊಂಡು ತಾವೇ ಬರೆದುಕೊಡುತ್ತಾರೆ. ಫಂದಾಂಗೊ ನಮಗೆ ಸಾಕಷ್ಟು ಸಿಕ್ಕಿದೆ. ಸೆಗಿರಿಯಾ ಎಂಬ ಇನ್ನೊಂದು ಹಾಡಿನ ಪ್ರಕಾರವನ್ನು ಮಾತ್ರ ಅವರೂ ಹಾಡುವುದಿಲ್ಲ, ಅದು ತಮ್ಮ ಊರಿನದಲ್ಲ ಎನ್ನುತ್ತಾರೆ. ಅದಕ್ಕಾಗಿ ಆಂಡಲೂಸಿಯದ ಹೆರೆಸ್ ನಗರದ ಗಾಯಕರೊಬ್ಬರನ್ನು ಬರುವ ನವೆಂಬರಿನಲ್ಲಿ ನಾಲ್ಕು ದಿನಗಳ ಮಟ್ಟಿಗೆ ಕರೆಸುತ್ತಿದ್ದೇವೆ. ಹದಿನಾಲ್ಕು ಜನ ಹಣ ಹಾಕಿದ್ದಾರೆ, ಉಳಿದುಕೊಳ್ಳಲು ನಮ್ಮ ಮನೆಯ ಮೇಲಿನ ಕೋಣೆ ಇದೆ. ಆ ನಾಲ್ಕು ದಿನ ಗಿಟಾರ್ ವಿದ್ಯಾರ್ಥಿಗಳು ಪೆಟ್ಟಿಗೆ ತೆರೆಯುವುದು ಮೂರನೆಯ ದಿನದ ಮಧ್ಯಾಹ್ನದ ಮೇಲೆ ಎಂದು ಈಗಾಗಲೇ ತಿಳಿಸಿದ್ದೇನೆ.