ಇರುವ ಕೆಲಸದಲ್ಲೇ ಖುಷಿ ಕಂಡು ಮೇಲೆ ಬರುವುದು ಹೇಗೆ?

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಅಂದರೆ ಹಾಜರಿ-ಲೆಕ್ಕ ಬರೆಯುವವನಾಗಿ ಸೇರಿದೆ. ಬೆಳಿಗ್ಗೆ ಹಾಜರಿ, ಸಂಜೆ ಕುಯ್ದ ಹಣ್ಣಿನ ತೂಕ, ವಾರಕ್ಕೊಮ್ಮೆ ಕೂಲಿ ಬಟವಾಡೆ. ಎರಡೇ ತಿಂಗಳಿಗೆ ಬೇಜಾರು ಬಂತು. ಬೆಂಗಳೂರು ಬಸ್ಸು ಹತ್ತುವ ಯೋಚನೆಯೂ ಇತ್ತು. ಹತ್ತಲಿಲ್ಲ. ಆಗ ಮಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಹೋಂಸ್ಟೇ, ಅಂಗಡಿ, ಬ್ಯಾಂಕಿನಲ್ಲಿ ಇರುವವರೂ ಮಾಡಿ ನೋಡಬಹುದು.

ಮೊದಲು, ಒಂದು ವಾರ ನಿಮ್ಮ ದಿನದ ಕೆಲಸಗಳನ್ನು ಬರೆದಿಡಿ. ಯಾವುದನ್ನು ಮಾಡುವಾಗ ಗಡಿಯಾರ ನೋಡಲಿಲ್ಲವೋ ಅದಕ್ಕೆ ಗುರುತು ಹಾಕಿ. ನನ್ನ ಪಟ್ಟಿಯಲ್ಲಿ ಗುರುತು ಬಿದ್ದದ್ದು ಒಂದಕ್ಕೇ: ಬೆಳಿಗ್ಗೆ ರೇನ್‌ಗೇಜಿನ (ಮಳೆ ಅಳೆಯುವ ಪಾತ್ರೆ) ನೀರು ಅಳೆಯುವುದು. ಎರಡು ನಿಮಿಷದ ಕೆಲಸ!

ಎರಡನೆಯದು, ಆ ಎರಡು ನಿಮಿಷವನ್ನು ಬೆಳೆಸುವುದು. ನಮ್ಮಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ. 100 ಸೆಂಟಿಗೆ ಒಂದು ಇಂಚು. ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಮಳೆ ಅರೆಬರೆಯಾದರೆ ರೊಬಸ್ಟಾ ಜಾತಿಯ ಕಾಫಿಯ ಮೊಗ್ಗು ಕೆಡುತ್ತದೆ, ಸ್ಪ್ರಿಂಕ್ಲರ್ ಹಾಕಬೇಕು. ನಾನು ಹಳೆಯ ಮಳೆ ಲೆಕ್ಕವನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ತೋಟದ ಕೆಳಗಿನ ಬ್ಲಾಕಿಗೂ ಒಂದು ರೇನ್‌ಗೇಜ್ ಕೇಳಿ ಇಡಿಸಿದೆ. ಯಾರೂ ಹೇಳಿರಲಿಲ್ಲ, ಸುಮ್ನೆ ಕುತೂಹಲ. ಇರುವ ಕೆಲಸವನ್ನೇ ಹೀಗೆ ತನಗೆ ಹೊಂದುವಂತೆ ತಿದ್ದಿಕೊಳ್ಳುವುದನ್ನು 2001ರಲ್ಲಿ ಏಮಿ ರೆಜ್ನೆಸ್ಕಿ, ಜೇನ್ ಡಟನ್ ಎಂಬ ಅಮೆರಿಕದ ಸಂಶೋಧಕರು 'ಜಾಬ್ ಕ್ರಾಫ್ಟಿಂಗ್' ಎಂದು ಕರೆದರು. ನನಗೆ ಆ ಹೆಸರು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಒಂದು ಎಚ್ಚರ. ಮೂಲ ಕೆಲಸ ತಪ್ಪಬಾರದು. ಒಮ್ಮೆ ಮಳೆ ಲೆಕ್ಕದಲ್ಲಿ ಮುಳುಗಿ ಇಬ್ಬರ ಹಾಜರಿ ಬಿಟ್ಟೆ. ಬಟವಾಡೆ ದಿನ ಲೈನ್ ಮನೆಯ (ಕೆಲಸಗಾರರ ಸಾಲುಮನೆ) ಅಕ್ಕಂದಿರು ಬೈದದ್ದು ಇನ್ನೂ ಕಿವಿಯಲ್ಲಿದೆ.

ಮೂರನೆಯದು, ಮಾಡಿದ್ದನ್ನು ತೋರಿಸುವುದು. ನಮ್ಮ ಕಡೆ ಇದಕ್ಕೇ ಜಾಸ್ತಿ ಸಂಕೋಚ. "ಸರ್, ಮೇಲಿನ ಬ್ಲಾಕಿಗೆ ಒಂದೂಕಾಲು ಇಂಚು ಬಿದ್ದಿದೆ, ಕೆಳಗೆ 40 ಸೆಂಟ್ ಮಾತ್ರ. ಸ್ಪ್ರಿಂಕ್ಲರ್ ಕೆಳಗೆ ಮಾತ್ರ ಹಾಕಿದರೆ ಸಾಕಲ್ವಾ?" ಎಂದೆ. ಮ್ಯಾನೇಜರ್ ನೋಟ್‌ಬುಕ್ ಈಸಿಕೊಂಡರು. ಮುಂದಿನ ವರ್ಷ ಸ್ಪ್ರಿಂಕ್ಲರ್ ಉಸ್ತುವಾರಿಯೇ ನನಗೆ ಬಂತು.

ಆಮೇಲೆ ಕಲಿಯಿರಿ. ಗಿಡದ ವಿಷಯಕ್ಕೆ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಹುರಿಯುವುದು, ರುಚಿ ನೋಡುವುದು ಇಷ್ಟವಾದರೆ ಕಾಫಿ ಬೋರ್ಡಿನ 'ಕಾಪಿ ಶಾಸ್ತ್ರ' ತರಬೇತಿಯ ಬಗ್ಗೆ ವಿಚಾರಿಸಿ.

ಇನ್ನು ಸಂಬಳ. ಖುಷಿಯಿಂದ ಮಾಡುತ್ತಾನೆ ಅಂತ ಬಿಟ್ಟಿ ಕೆಲಸ ಹೊರಿಸುವವರು ಇದ್ದೇ ಇರುತ್ತಾರೆ. ಕುಯ್ಲಿನ ಗಡಿಬಿಡಿಯಲ್ಲಿ ಕೇಳಬೇಡಿ. ಕಾಫಿ ಲೋಡು ಹೋಗಿ ಲೆಕ್ಕ ಮುಗಿಯಲಿ. ಮೊದಲ ಸಲ ನಾನು ಬರಿಗೈಯಲ್ಲಿ ಹೋಗಿ "ನೋಡೋಣ" ಅನ್ನಿಸಿಕೊಂಡು ಬಂದೆ. ಎರಡನೇ ಸಲ ನೋಟ್‌ಬುಕ್ ಕಂಕುಳಲ್ಲಿತ್ತು.